ಪರದೆಯ ಹಿಂದೆ ದಾಳ ತಿರುಗಿಸಬೇಡಿ, ಸೋಲಿನ ಬೆಲೆ ಮೊದಲೇ ಹೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳ ಬಗ್ಗೆ ಬಂದ ಲೇಖನ ಹೊಸಬರಿಗೆ ಒಳ್ಳೆಯ ಪರಿಚಯವಾಗಿತ್ತು. ಆದರೆ ಕೊನೆಯಲ್ಲಿ ಆಟ ನಡೆಸುವವರಿಗೆ ಕೊಟ್ಟ ಸಲಹೆಯ ಬಗ್ಗೆ ತಕರಾರಿದೆ. ಪಾತ್ರ ಸತ್ತರೆ ಹೊಸ ಆಟಗಾರರು ಮುನಿಸಿಕೊಂಡು ಮತ್ತೆ ಬರುವುದಿಲ್ಲ, ಆದ್ದರಿಂದ ದಾಳ ಕೆಟ್ಟದಾಗಿ ಬಿದ್ದಾಗ ಪರದೆಯ ಹಿಂದೆಯೇ ಸಂಖ್ಯೆ ಬದಲಿಸಿಬಿಡಿ ಎಂದಿದ್ದೀರಿ. ಆಟಗಾರರು ಬೇಸತ್ತು ಎದ್ದು ಹೋಗುವುದು ಬಹುಪಾಲು ಪಾತ್ರ ಸತ್ತದ್ದಕ್ಕಲ್ಲ. ಸೋತರೂ ಏನೂ ಆಗದ, ಗೆದ್ದರೂ ಏನೂ ಆಗದ ದಾಳಗಳಿಗೆ. ಆ ರೋಗಕ್ಕೆ ಪರದೆಯ ಹಿಂದಿನ ಕೈಚಳಕ ಮದ್ದಾಗುವುದಿಲ್ಲ. ದಾಳ ಕೈಗೆ ತೆಗೆದುಕೊಳ್ಳುವ ಮೊದಲೇ ಸೋತರೆ ಏನಾಗುತ್ತದೆಂದು ಬಾಯಿಬಿಟ್ಟು ಹೇಳಬೇಕು.

ಆಟ ನೋಡದವರಿಗಾಗಿ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಡಂಜನ್ ಮಾಸ್ಟರ್, ಎಲ್ಲರ ಬಾಯಲ್ಲಿ ಡಿಎಂ. ಲೋಕವನ್ನೂ ಶತ್ರುಗಳನ್ನೂ ಅವರು ಆಡಿಸುತ್ತಾರೆ. ತಮ್ಮ ದಾಳ, ಟಿಪ್ಪಣಿ ಮರೆಯಲ್ಲಿಡಲು ಮುಂದೊಂದು ಪರದೆ ನಿಲ್ಲಿಸಿಕೊಳ್ಳುತ್ತಾರೆ. ಉಳಿದವರಿಗೆ ಒಂದೊಂದು ಪಾತ್ರ. ಆಗುತ್ತದೋ ಇಲ್ಲವೋ ಎಂಬ ಕೆಲಸಕ್ಕೆ ದಾಳ ಬೀಳುತ್ತದೆ. ಮಿಕ್ಕದ್ದೆಲ್ಲ ಮಾತು.

ಈ ಆಟಗಳು ಹುಟ್ಟಿದ್ದು ಯುದ್ಧದ ಆಟಗಳ ಹೊಟ್ಟೆಯಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಹಿಟ್ ಪಾಯಿಂಟ್, ಅಂದರೆ ಪೆಟ್ಟು ಬಿದ್ದಂತೆ ಕರಗುವ ಪ್ರಾಣಬಲದ ಅಂಕ, ಸೊನ್ನೆಗೆ ಇಳಿದರೆ ಪಾತ್ರ ಸತ್ತಂತೆಯೇ. ಯುದ್ಧದ ಆಟದಲ್ಲಿ ಬಿದ್ದ ಸೈನಿಕನ ಬೊಂಬೆಯನ್ನು ಹಲಗೆಯಿಂದ ಎತ್ತಿಡುವ ಪದ್ಧತಿಯ ಮುಂದುವರಿಕೆ ಅದು. 1977ರ ಟ್ರಾವೆಲರ್ ಆಟದಲ್ಲಂತೂ ಪಾತ್ರವನ್ನು ರಚಿಸುತ್ತಿರುವಾಗಲೇ, ಅಂದರೆ ಆಟ ಶುರುವಾಗುವ ಮುಂಚೆಯೇ, ಸೇನಾಸೇವೆಯ ದಾಳ ಸೋತು ಪಾತ್ರ ತೀರಿಕೊಳ್ಳಬಹುದಿತ್ತು. ಕೇಳಿದರೆ ನಗು ಬರುತ್ತದೆ, ಆದರೆ ಅದಕ್ಕೂ ತರ್ಕವಿತ್ತು: ಇನ್ನೊಂದು ಅವಧಿ ಸೇವೆ ಮಾಡಿದರೆ ಹೆಚ್ಚು ಕೌಶಲ, ಜೊತೆಗೆ ಇನ್ನೊಂದು ಸಲ ಪ್ರಾಣಾಪಾಯ. ಸಾಕು ಎನ್ನುವ ಹಕ್ಕು ಆಟಗಾರರದ್ದೇ. 1979ರ ಹೊತ್ತಿಗೆ ಡಿ ಅಂಡ್ ಡಿಯ ನಿಯಮವೂ ಸ್ವಲ್ಪ ಮೆತ್ತಗಾಗಿ, ಸೊನ್ನೆಯಲ್ಲಿ ಎಚ್ಚರ ತಪ್ಪಿ, ಸುತ್ತಿಗೊಂದರಂತೆ ಇಳಿದು, ಮೈನಸ್ 10 ತಲುಪಿದರೆ ಸಾವು ಎಂದಾಯಿತು.

‘ಹಳೆಯ ಆಟ ಕ್ರೂರ’ ಎಂದು ದೂರುವವರು ಸಾಮಾನ್ಯವಾಗಿ ಬೊಟ್ಟು ಮಾಡುವುದು ಗೈಗ್ಯಾಕ್ಸ್ ಅವರ ಟೂಂಬ್ ಆಫ್ ಹಾರರ್ಸ್ ಎಂಬ ಸಾಹಸದ ಕಡೆ. ಅದು 1975ರಲ್ಲಿ ಒರಿಜಿನ್ಸ್ ಸಮ್ಮೇಳನದ ಸ್ಪರ್ಧೆಗೆಂದು ನಡೆದು, 1978ರಲ್ಲಿ ಅಚ್ಚಾಯಿತು. ಎಷ್ಟು ದೂರ ಹೋದಿರಿ ಎಂದು ಅಳೆಯುವ ಸ್ಪರ್ಧೆಯಲ್ಲಿ ಮುಟ್ಟಿದರೆ ಸಾವು ತರುವ ಬಲೆಗಳು ತಪ್ಪಲ್ಲ. ತಿಂಗಳುಗಟ್ಟಲೆ ಒಂದೇ ಪಾತ್ರ ಆಡುವ ಮನೆಯ ಗುಂಪಿಗೆ ಅದನ್ನೇ ಬಡಿಸಿದರೆ ಅಜೀರ್ಣ ಖಂಡಿತ.

ಈಗ ನಮ್ಮ ಊರುಗಳ ಮೇಜುಗಳಲ್ಲಿ ಹೆಚ್ಚು ಕಾಣುವ ಡಿ ಅಂಡ್ ಡಿ ಐದನೇ ಆವೃತ್ತಿಯ ಲೆಕ್ಕ ನೋಡೋಣ. 2014ರ ನಿಯಮದಂತೆ ಸೊನ್ನೆಗೆ ಬಿದ್ದ ಪಾತ್ರ ತನ್ನ ಸರದಿ ಬಂದಾಗಲೆಲ್ಲ 20 ಮುಖದ ದಾಳದಲ್ಲಿ ಡೆತ್ ಸೇವ್ ಹಾಕಬೇಕು. 10 ಅಥವಾ ಹೆಚ್ಚು ಬಿದ್ದರೆ ಒಂದು ಗೆಲುವು, ಕಡಿಮೆ ಬಿದ್ದರೆ ಒಂದು ಸೋಲು. ಮೂರು ಗೆಲುವಾದರೆ ಪ್ರಾಣ ನಿಂತಿತು, ಮೂರು ಸೋಲಾದರೆ ಹೋಯಿತು. 1 ಬಿದ್ದರೆ ಎರಡು ಸೋಲಿನ ಲೆಕ್ಕ. 20 ಬಿದ್ದರೆ ಒಂದು ಹಿಟ್ ಪಾಯಿಂಟ್‌ನೊಂದಿಗೆ ಕಣ್ಣು ಬಿಡುತ್ತದೆ. ಯಾರೂ ಕೈ ಹಾಕದೆ ಬಿಟ್ಟರೆ ಸಾಯುವ ಸಂಭವ ಶೇ 40.5. ಅರ್ಧಕ್ಕಿಂತ ಕಡಿಮೆ ಎಂದು ಸಮಾಧಾನಪಡುವ ಮುನ್ನ ಇನ್ನೊಂದು ನಿಯಮ ನೆನಪಿರಲಿ. ಬಿದ್ದವರ ಮೇಲೆ ಐದು ಅಡಿಯೊಳಗಿಂದ ಏಟು ತಗುಲಿದರೆ ಅದು ತಾನಾಗಿಯೇ ಕ್ರಿಟಿಕಲ್ ಎಂಬ ದುಪ್ಪಟ್ಟು ದಾಳದ ಏಟು, ಡೆತ್ ಸೇವ್ ಲೆಕ್ಕದಲ್ಲಿ ಎರಡು ಸೋಲು. ಒಂದೇ ಸರದಿಯಲ್ಲಿ ಎರಡು ಏಟು ಹಾಕುವ ಪ್ರಾಣಿ ಬಿದ್ದವರನ್ನು ಆ ಸರದಿಯಲ್ಲೇ ಮುಗಿಸಬಲ್ಲದು. ಹಾಗಾಗಿ ‘ಶತ್ರುಗಳು ಬಿದ್ದವರನ್ನು ಹೊಡೆಯುತ್ತಾರೆಯೇ?’ ಎಂಬ ಪ್ರಶ್ನೆಗೆ ಡಿಎಂ ಉತ್ತರವನ್ನು ಕಾದಾಟದ ಮುಂಚೆಯೇ ಕೊಡಬೇಕು. ಗೂಲ್ ಎಂಬ ಹಸಿದ ಪಿಶಾಚಿ ಬಿದ್ದವರನ್ನೇ ತಿನ್ನಲು ಕೂರುತ್ತದೆ. ಕೂಲಿಗೆ ಬಂದ ದರೋಡೆಕೋರ ನಿಂತಿರುವವನ ಕಡೆ ತಿರುಗುತ್ತಾನೆ. ಮೊದಲ ಸುತ್ತಿನಲ್ಲೇ ಆಟಗಾರರಿಗೆ ಈ ವ್ಯತ್ಯಾಸ ಕಾಣಬೇಕು.

ಈ ಆವೃತ್ತಿಯ ನಿಜವಾದ ತೊಂದರೆ ಎಂದರೆ ಪಾತ್ರ ಬೆಳೆಯುತ್ತ ಏರುವ ಹಂತಗಳಲ್ಲಿ ಮೊದಲ ಎರಡರಲ್ಲಿ ಸಾವು ತೀರಾ ಬೇಗ ಬರುತ್ತದೆ, ಐದನೇ ಹಂತದ ಮೇಲೆ ತೀರಾ ಅಗ್ಗವಾಗುತ್ತದೆ. ಮೊದಲ ಹಂತದ ಮಂತ್ರವಾದಿಗೆ ಏಳು ಹಿಟ್ ಪಾಯಿಂಟ್ ಇದೆ ಎನ್ನಿ. ಸೊನ್ನೆಯಾದ ಮೇಲೂ ಉಳಿದ ಪೆಟ್ಟು ಅವರ ಪೂರ್ಣ ಹಿಟ್ ಪಾಯಿಂಟ್‌ನಷ್ಟಾದರೆ ಡೆತ್ ಸೇವ್‌ಗೂ ಅವಕಾಶವಿಲ್ಲ. ಅಂದರೆ ಒಂದೇ ಏಟಿಗೆ 14 ಸಾಕು. ಹೊಸಬರ ಸಾಹಸಗಳಲ್ಲಿ ಎದುರಾಗುವ ಬಗ್‌ಬೇರ್ ಎಂಬ ರಾಕ್ಷಸನ ಗದೆ 2014ರ ಲೆಕ್ಕದಲ್ಲಿ ಕೊಡುವ ಪೆಟ್ಟು ಎಂಟು ಮುಖದ ಎರಡು ದಾಳ, ಕೂಡಿಸು 2. ಎರಡು ದಾಳಗಳ ಮೊತ್ತ 12 ಅಥವಾ ಹೆಚ್ಚಾಗುವುದು 64ರಲ್ಲಿ 15 ಸಲ. ತಗುಲಿದ ಸಾಮಾನ್ಯ ಏಟಿನಲ್ಲೇ ಶೇ 23ರಷ್ಟು ನೇರ ಸಾವು! ಆಟಗಾರರು ಏನೂ ತಪ್ಪು ಮಾಡಿರುವುದಿಲ್ಲ. ಬಾಗಿಲು ತೆರೆದಿರುತ್ತಾರೆ, ಅಷ್ಟೆ.

ಇಂಥಲ್ಲಿ ಡಿಎಂ ಪರದೆಯ ಹಿಂದೆ 13 ಎಂದು ಸುಳ್ಳು ಹೇಳುವ ಅಗತ್ಯವೇ ಇಲ್ಲ. ಪ್ರಾಣಿಯ ವಿವರದಲ್ಲೇ ಸರಾಸರಿ ಪೆಟ್ಟು 11 ಎಂದು ಅಚ್ಚಾಗಿದೆ, ದಾಳದ ಬದಲು ಅದನ್ನೇ ಬಳಸಲು ನಿಯಮ ಒಪ್ಪುತ್ತದೆ. ‘ಎರಡನೇ ಹಂತ ಮುಗಿಯುವವರೆಗೆ ಶತ್ರುಗಳ ಪೆಟ್ಟಿಗೆ ಸರಾಸರಿ ಮಾತ್ರ’ ಎಂದು ಎಲ್ಲರೆದುರು ಹೇಳಿದರೆ ಮಂತ್ರವಾದಿ ಬೀಳುತ್ತಾರೆ, ಆದರೆ ಉಳಿಸಿಕೊಳ್ಳಲು ಗೆಳೆಯರಿಗೆ ಒಂದೆರಡು ಸುತ್ತು ಸಿಗುತ್ತದೆ. ಬಗ್‌ಬೇರ್‌ಗೆ 20 ಬಿದ್ದು ಕ್ರಿಟಿಕಲ್ ಆದಾಗಿನ ಅಪಾಯ ಉಳಿದೇ ಇರುತ್ತದೆ. ಅದೂ ಬೇಡವೆನಿಸಿದರೆ ಆಟವನ್ನು ಮೂರನೇ ಹಂತದಿಂದಲೇ ಶುರುಮಾಡಿ.

ಮೇಲಿನ ಹಂತಗಳ ಸಮಸ್ಯೆ ಇದಕ್ಕೆ ಉಲ್ಟಾ. ಹೀಲಿಂಗ್ ವರ್ಡ್ ಎಂಬ ಒಂದನೇ ಮಟ್ಟದ ಮಂತ್ರ 60 ಅಡಿ ದೂರದಿಂದ, ಬೋನಸ್ ಆಕ್ಷನ್ ಎಂಬ ಸರದಿಯ ಹೆಚ್ಚುವರಿ ಕಿರುಕೆಲಸದಲ್ಲೇ ಬಿದ್ದವರನ್ನು ಎಬ್ಬಿಸುತ್ತದೆ. ಎದ್ದವರು ಮತ್ತೆ ಬೀಳುತ್ತಾರೆ, ಮತ್ತೆ ಏಳುತ್ತಾರೆ. ಪ್ರತಿ ಸಲ ಎದ್ದಾಗ ಡೆತ್ ಸೇವ್ ಲೆಕ್ಕವೂ ಅಳಿಸಿಹೋಗುತ್ತದೆ. ಬಿದ್ದದ್ದಕ್ಕೆ ಬೆಲೆ ಬೇಕೆಂದರೆ ಸೊನ್ನೆಗೆ ಇಳಿದಾಗಲೆಲ್ಲ ಒಂದು ಹಂತದ ಬಳಲಿಕೆ (ಎಕ್ಸಾಸ್ಚನ್) ಎಂಬ ಮನೆನಿಯಮ ಹಲವು ಮೇಜುಗಳಲ್ಲಿ ಚಾಲ್ತಿಯಲ್ಲಿದೆ. 2014ರ ಆವೃತ್ತಿಯಲ್ಲಿ ಅದು ತುಸು ಕಠೋರ: ಮೂರನೇ ಹಂತಕ್ಕೆ ದಾಳಿಯೂ ಸೇವ್‌ಗಳೂ (ಅಪಾಯದಿಂದ ತಪ್ಪಿಸಿಕೊಳ್ಳಲು ಹಾಕುವ ದಾಳಗಳು) ಕುಂಟತೊಡಗುತ್ತವೆ, ಆರನೆಯದಕ್ಕೆ ಸಾವು, ಪೂರ್ಣ ವಿಶ್ರಾಂತಿಗೆ ಇಳಿಯುವುದು ಒಂದೇ ಹಂತ. ಕಾದಾಟಕ್ಕೆ ಒಂದು ಹಂತವೇ ಗರಿಷ್ಠ ಎಂದು ಕಟ್ಟುಹಾಕಿದರೆ ಸರಿಹೋಗುತ್ತದೆ.

ಸತ್ತವರನ್ನು ಬದುಕಿಸುವ ಮಂತ್ರಗಳಿಗೆ ನಿಯಮವೇ ದರ ಕಟ್ಟಿದೆ. ರಿವಿವಿಫೈ ಒಂದು ನಿಮಿಷದೊಳಗೆ, 300 ಚಿನ್ನದ ನಾಣ್ಯ ಬೆಲೆಯ ವಜ್ರ. ರೇಸ್ ಡೆಡ್ ಹತ್ತು ದಿನದೊಳಗೆ, 500ರ ವಜ್ರ, ಎದ್ದವರ ದಾಳಗಳಿಗೆ ಮೊದಲು ನಾಲ್ಕು ಕಡಿತ, ಅದು ಪ್ರತಿ ಪೂರ್ಣ ವಿಶ್ರಾಂತಿಗೆ ಒಂದೊಂದಾಗಿ ಇಳಿಯುತ್ತದೆ. ರೆಸರೆಕ್ಷನ್‌ಗೆ ಸಾವಿರದ ವಜ್ರ, ಟ್ರೂ ರೆಸರೆಕ್ಷನ್‌ಗೆ 25,000ದಷ್ಟು ವಜ್ರಗಳು. ವಜ್ರ ಮಂತ್ರದಲ್ಲೇ ಕರಗಿಹೋಗುತ್ತದೆ. ಅನೇಕ ಡಿಎಂಗಳು ಹಾಳೆಯಿಂದ ನಾಣ್ಯ ಕಳೆದು ‘ವಜ್ರ ತಂದಿಟ್ಟುಕೊಂಡಿದ್ದೆವು ಅಂತಿಟ್ಟುಕೊಳ್ಳಿ’ ಎನ್ನುವ ಮಾತಿಗೆ ತಲೆಯಾಡಿಸುತ್ತಾರೆ. ಅಲ್ಲೇ ಸಾವು ದಿನಸಿ ಖರ್ಚಾಗುವುದು. ಈ ಊರಿನಲ್ಲಿ ವಜ್ರ ಎಷ್ಟಿದೆ, ಯಾರ ಬಳಿ ಇದೆ, ಕೊಡಲು ಅವರು ಏನು ಕೇಳುತ್ತಾರೆ ಎಂಬ ಮೂರು ಸಾಲು ಬರೆದಿಟ್ಟುಕೊಂಡರೆ ನಿಯಮ ಬದಲಿಸದೆಯೇ ಸಾವಿಗೆ ತೂಕ ಬರುತ್ತದೆ.

ಇನ್ನು ಸಾವಿಗಿಂತ ಹೆಚ್ಚು ಆಟ ಕೆಡಿಸುವ ಸಂಗತಿ, ಅರ್ಥವಿಲ್ಲದ ಸೋಲು. ಕೋಟೆಯ ದಿಡ್ಡಿಬಾಗಿಲಿಗೆ ಬೀಗವಿದೆ. ಒಬ್ಬರು ದಾಳ ಹಾಕಿ ಸೋತರು. ‘ನಾನೂ ನೋಡ್ತೀನಿ’ ಎಂದು ಇನ್ನೊಬ್ಬರು, ಆಮೇಲೆ ಮತ್ತೊಬ್ಬರು. ಒಬ್ಬೊಬ್ಬರಿಗೆ ಗೆಲ್ಲುವ ಸಂಭವ ಶೇ 35 ಮಾತ್ರ ಇದ್ದರೂ ಐದು ಜನ ಹಾಕಿದರೆ ಒಬ್ಬರಾದರೂ ಗೆಲ್ಲುವುದು ಶೇ 88. ಸೋಲಿಗೂ ಬೀಗಕ್ಕೂ ಬೆಲೆಯೇ ಉಳಿಯಲಿಲ್ಲ, ಹತ್ತು ನಿಮಿಷ ಹೋಯಿತು. ಇದಕ್ಕೆ ಉಲ್ಟಾ, ಐವರೂ ಕಾವಲುಗಾರರ ಕಣ್ಣು ತಪ್ಪಿಸಿ ನುಸುಳಬೇಕು, ಐವರೂ ದಾಳ ಹಾಕಿ ಎನ್ನುವ ಡಿಎಂ. ಒಬ್ಬೊಬ್ಬರಿಗೆ ಶೇ 70 ಇದ್ದರೂ ಐವರೂ ಗೆಲ್ಲುವುದು ಶೇ 17 ಅಷ್ಟೇ. ಯೋಜನೆ ಎಷ್ಟೇ ಚೆನ್ನಾಗಿರಲಿ, ಗಣಿತವೇ ಅದನ್ನು ಮುಳುಗಿಸುತ್ತದೆ. 2014ರ ನಿಯಮಪುಸ್ತಕದಲ್ಲೇ ಇರುವ ಗುಂಪಿನ ಪರೀಕ್ಷೆಯ ನಿಯಮ ಬಳಸಿ, ಅಂದರೆ ಅರ್ಧದಷ್ಟಾದರೂ ಜನ ಗೆದ್ದರೆ ಗುಂಪೇ ಗೆದ್ದಂತೆ ಎಂದು ಇಟ್ಟುಕೊಂಡರೆ, ಐವರಲ್ಲಿ ಮೂವರು ಗೆಲ್ಲುವ ಸಂಭವ ಶೇ 84ಕ್ಕೆ ಏರುತ್ತದೆ. ನುಸುಳುವ ಆಟ ‘ಯಾವಾಗಲೂ ಕೊನೆಗೆ ಹೊಡೆದಾಟವೇ’ ಎಂದು ಗೊಣಗುವ ಗುಂಪುಗಳಲ್ಲಿ ಹೆಚ್ಚಿನವು ಈ ಒಂದು ನಿಯಮವನ್ನು ಓದಿಯೇ ಇರುವುದಿಲ್ಲ.

ಬೀಗದ ವಿಷಯಕ್ಕೆ ಬಂದರೆ, ಲ್ಯೂಕ್ ಕ್ರೇನ್ ಅವರ ಬರ್ನಿಂಗ್ ವೀಲ್ ಆಟ ಖಡಾಖಂಡಿತವಾಗಿ ಹೇಳುತ್ತದೆ: ಒಮ್ಮೆ ಬಿದ್ದ ದಾಳವೇ ದಾಳ, ಪರಿಸ್ಥಿತಿ ಗಣನೀಯವಾಗಿ ಬದಲಾಗುವವರೆಗೆ ಮತ್ತೆ ಹಾಕುವಂತಿಲ್ಲ. ಆಟಗಾರರು ಏನು ಮಾಡುತ್ತೇವೆ, ಯಾಕೆ ಮಾಡುತ್ತೇವೆ ಎರಡನ್ನೂ ಹೇಳಬೇಕು. ಸೋತರೆ ಏನಾಗುತ್ತದೆಂದು ನಡೆಸುವವರು ದಾಳಕ್ಕೆ ಮುಂಚೆ ಹೇಳಬೇಕು. ‘ಗೆದ್ದರೆ ಸದ್ದಿಲ್ಲದೆ ಒಳಗೆ. ಸೋತರೂ ಬಾಗಿಲು ತೆರೆಯುತ್ತದೆ, ಆದರೆ ಅಷ್ಟರಲ್ಲಿ ಗಸ್ತಿನವರು ಮೂಲೆ ತಿರುಗಿರುತ್ತಾರೆ.’ ಬೀಗ ಅದೇ, ದಾಳವೂ ಅದೇ, ಕತೆ ಮಾತ್ರ ನಿಲ್ಲುವುದಿಲ್ಲ. ಸೋಲಿಗೆ ಹೇಳಲು ಏನೂ ಹೊಳೆಯದಿದ್ದರೆ ಅಲ್ಲಿ ದಾಳವೇ ಬೇಡ, ಬೀಗ ತೆರೆಯಿತು ಎಂದು ಮುಂದೆ ಹೋಗಿ.

ಕಾಸ್ಮಿಕ್ ಭೀತಿಯ ಕಾಲ್ ಆಫ್ ಕ್ಥುಲುವಿನ ಏಳನೇ ಆವೃತ್ತಿಯಲ್ಲಿ ಇದು ನಿಯಮವಾಗಿಯೇ ಇದೆ. ಸೋತ ದಾಳವನ್ನು ‘ಪುಶ್’ ಮಾಡಬಹುದು, ಆದರೆ ಈ ಸಲ ಬೇರೆ ಏನು ಮಾಡುತ್ತಿದ್ದೇನೆಂದು ಆಟಗಾರರು ವಿವರಿಸಬೇಕು, ಮತ್ತೆ ಸೋತರೆ ಗತಿ ಕೆಡುತ್ತದೆಂದು ಮೊದಲೇ ತಿಳಿದಿರಬೇಕು. ಕಾದಾಟದ ದಾಳಗಳಿಗೆ ಈ ಸವಲತ್ತಿಲ್ಲ. ಹೊಸದಾಗಿ ನಡೆಸುವವರು ಎಡವುವುದು ವಿವರಣೆ ಕೇಳದೆ ‘ಸರಿ, ಇನ್ನೊಮ್ಮೆ ಹಾಕಿ’ ಎನ್ನುವಲ್ಲಿ. ಆಗ ಪುಶ್ ಎಂಬುದು ಬರೀ ಎರಡನೇ ಪಾಳಿ.

ಪತ್ತೇದಾರಿ ಕತೆಗಳಲ್ಲಿ ಸೋಲು ಬೇರೆ ರೀತಿಯಲ್ಲಿ ಕಾಡುತ್ತದೆ. ಸುಳಿವಿನ ಕಾಗದ ಮೇಜಿನ ಖಾನೆಯಲ್ಲಿದೆ, ಹುಡುಕುವ ದಾಳ ಸೋತಿತು, ಕತೆ ಅಲ್ಲಿಗೇ ನಿಂತಿತು. ಗಮ್‌ಶೂ ಎಂಬ ಪದ್ಧತಿ ಮುಖ್ಯ ಸುಳಿವಿಗೆ ದಾಳವನ್ನೇ ತೆಗೆದುಹಾಕಿದೆ: ಸರಿಯಾದ ಕೌಶಲವುಳ್ಳವರು ಸರಿಯಾದ ಜಾಗದಲ್ಲಿ ನೋಡಿದರೆ ಸಿಗುತ್ತದೆ. ಬೇರೆ ಆಟ ಆಡುವವರು ಒಂದೊಂದು ತೀರ್ಮಾನಕ್ಕೂ ಮೂರು ಸುಳಿವು ಬಿತ್ತಿಡಲಿ. ತಲಾ ಶೇ 60ರ ಸಂಭವವಿದ್ದರೂ ಮೂರೂ ತಪ್ಪಿಹೋಗುವುದು ಶೇ 6ರಷ್ಟು ಮಾತ್ರ.

ಸೋಲು–ಗೆಲುವಿನ ನಡುವೆ ಮೂರನೆಯದೊಂದನ್ನು ಜನಪ್ರಿಯಗೊಳಿಸಿದ್ದು 2010ರ ಅಪಾಕಲಿಪ್ಸ್ ವರ್ಲ್ಡ್. ಆರು ಮುಖದ ಎರಡು ದಾಳ: 10 ಅಥವಾ ಹೆಚ್ಚಿಗೆ ಪೂರ್ಣ ಗೆಲುವು, 7ರಿಂದ 9 ಬೆಲೆ ತೆತ್ತು ಗೆಲುವು, 6 ಅಥವಾ ಕಡಿಮೆಗೆ ನಡೆಸುವವರ ಏಟು. ಪಾತ್ರಕ್ಕೆ ಒಂದು ಅಂಕ ಅನುಕೂಲವಿದ್ದರೆ 36ರಲ್ಲಿ 16 ಸಲ ಆ ನಡುವಿನ ಫಲವೇ ಬರುತ್ತದೆ. ಅದರ ಹಾದಿಯಲ್ಲೇ ಬಂದ ಡಂಜನ್ ವರ್ಲ್ಡ್‌ನಲ್ಲಿ 6 ಅಥವಾ ಕಡಿಮೆ ಬಿದ್ದರೆ ಆಟಗಾರರಿಗೆ ಒಂದು ಅನುಭವದ ಅಂಕ ಸಿಗುತ್ತದೆ. ಸಾಯುವಾಗಲೂ ಅಲ್ಲಿ ಒಂದು ದಾಳವಿದೆ: 10 ಅಥವಾ ಹೆಚ್ಚು ಬಿದ್ದರೆ ತಪ್ಪಿಸಿಕೊಂಡಂತೆ, 7ರಿಂದ 9 ಬಿದ್ದರೆ ಸಾವೇ ಎದುರು ನಿಂತು ಒಂದು ಕರಾರು ಮುಂದಿಡುತ್ತದೆ. ಒಪ್ಪುವುದೋ ಬಿಡುವುದೋ ಆಟಗಾರರ ಇಷ್ಟ. ಇಡೀ ಹವ್ಯಾಸದಲ್ಲಿ ಸಾವಿನ ಬಗ್ಗೆ ಬರೆದ ಇಷ್ಟು ಚಿಕ್ಕ, ಇಷ್ಟು ಚೊಕ್ಕ ನಿಯಮ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ.

ಜಾನ್ ಹಾರ್ಪರ್ ಅವರ ಬ್ಲೇಡ್ಸ್ ಇನ್ ದ ಡಾರ್ಕ್‌ನಿಂದ ಎರವಲು ತರಬೇಕಾದದ್ದು ಗಡಿಯಾರ. ಕಾಗದದ ಮೇಲೆ ವೃತ್ತ ಬರೆದು ನಾಲ್ಕು, ಆರು ಅಥವಾ ಎಂಟು ಹೋಳು ಮಾಡಿ, ‘ಕಾವಲುಗಾರರಿಗೆ ಎಚ್ಚರ’ ಎಂದು ಹೆಸರಿಡಿ. ಸೋತಾಗ ಸಣ್ಣ ತೊಂದರೆಗೆ ಒಂದು ಹೋಳು, ಸಾಮಾನ್ಯಕ್ಕೆ ಎರಡು, ದೊಡ್ಡದಕ್ಕೆ ಮೂರು ತುಂಬಿ. ತುಂಬಿದ ದಿನ ಗಂಟೆ ಬಾರಿಸುತ್ತದೆ. ಮೇಜಿನ ನಡುವೆ ಎಲ್ಲರಿಗೂ ಕಾಣುವಂತಿರಬೇಕು, ಪರದೆಯ ಹಿಂದೆ ಇಟ್ಟರೆ ಅದರ ಅರ್ಧ ಕೆಲಸ ಹೋಯಿತು. ಆ ಆಟದಲ್ಲಿ ಪಾತ್ರಗಳು ಸಾಮಾನ್ಯವಾಗಿ ಮುಗಿಯುವುದೂ ಕತ್ತಿಯಿಂದಲ್ಲ. ಒತ್ತಡದ ಒಂಬತ್ತು ಚೌಕ ತುಂಬಿದಾಗಲೆಲ್ಲ ಮನಸ್ಸಿಗೊಂದು ವಾಸಿಯಾಗದ ಗಾಯ. ಅಂಥ ನಾಲ್ಕಾದರೆ ಪಾತ್ರ ಕಸುಬು ಬಿಟ್ಟು ಸರಿಯಬೇಕು.

ಓಡಿಹೋಗುವ ದಾರಿ ಇಲ್ಲದ್ದರಿಂದಲೂ ಇಡೀ ಗುಂಪು ಸಾಯುತ್ತದೆ. ಐದನೇ ಆವೃತ್ತಿಯಲ್ಲಿ ಬಹುತೇಕ ಪಾತ್ರಗಳು ಸುತ್ತಿಗೆ 30 ಅಡಿ ನಡೆದರೆ ತೋಳಗಳು 40 ಅಡಿ ಓಡುತ್ತವೆ. ಶತ್ರುವಿನ ಪಕ್ಕದಿಂದ ಜಾರಿದರೆ ಬೆನ್ನಿಗೊಂದು ಏಟು. ಆಟಗಾರರು ಅದನ್ನು ಲೆಕ್ಕಹಾಕಿಯೇ ನಿಂತು ಸಾಯುತ್ತಾರೆ, ಡಿಎಂ ‘ಓಡಬಹುದಿತ್ತಲ್ಲ’ ಎಂದು ಆಮೇಲೆ ಅಚ್ಚರಿಪಡುತ್ತಾರೆ. 2013ರ ಥರ್ಟೀಂತ್ ಏಜ್ ಆಟದ ನಿಯಮ ಇಲ್ಲಿ ನೇರವಾಗಿ ಎತ್ತಿಕೊಳ್ಳಲು ಯೋಗ್ಯ: ಎಲ್ಲರೂ ಒಪ್ಪಿ ಹಿಮ್ಮೆಟ್ಟುತ್ತೇವೆ ಎಂದರೆ ಬಿದ್ದವರನ್ನೂ ಹೊತ್ತು ಪಾರಾಗುತ್ತಾರೆ, ದಾಳವಿಲ್ಲ, ಆದರೆ ಕತೆಯಲ್ಲಿ ದೊಡ್ಡದೊಂದು ಸೋಲನ್ನು ಒಪ್ಪಬೇಕು. ಹಳ್ಳಿ ಸುಟ್ಟಿತು, ಒತ್ತೆಯಾಳು ಹೋದರು, ವೈರಿ ಪಟ್ಟವೇರಿದ. ಶತ್ರುಗಳಿಗೂ ಓಡುವ ಬುದ್ಧಿ ಕೊಡಿ. ಡಿ ಅಂಡ್ ಡಿಯ 1981ರ ಬೇಸಿಕ್ ಆವೃತ್ತಿಯಲ್ಲಿ ಮೊದಲ ಹೆಣ ಬಿದ್ದಾಗ ಮತ್ತು ಅರ್ಧ ಪಡೆ ಬಿದ್ದಾಗ ಆರು ಮುಖದ ಎರಡು ದಾಳ ಹಾಕಿ, ಧೈರ್ಯದ ಅಂಕ ಮೀರಿದರೆ ಪಲಾಯನ. ಗಾಬ್ಲಿನ್‌ಗಳು ಓಡುವುದನ್ನು ಕಂಡ ಮೇಲೆ ಆಟಗಾರರಿಗೂ ಓಡುವುದು ನಾಚಿಕೆಯೆನಿಸುವುದಿಲ್ಲ.

ಪರದೆಯ ಹಿಂದಿನ ಸುಳ್ಳಿಗೆ ಮರಳುತ್ತೇನೆ. ಮೂರನೇ ಸಲ ಬಗ್‌ಬೇರ್ ಕೂದಲೆಳೆಯಲ್ಲಿ ಗುರಿ ತಪ್ಪಿದಾಗ ಮೇಜಿನಲ್ಲಿ ಕೂತವರಿಗೆ ಅರ್ಥವಾಗಿಬಿಡುತ್ತದೆ. ಅಲ್ಲಿಂದ ಮುಂದೆ ಅವರು ಗೆದ್ದದ್ದೂ ಅವರದ್ದಲ್ಲ. ಸಾವೇ ಬೇಡ ಎಂಬ ಗುಂಪಿದ್ದರೆ ತಪ್ಪೇನಿಲ್ಲ, ಹಾಗೆಂದು ಮೊದಲ ದಿನ ಘೋಷಿಸಿದರಾಯಿತು. ಸ್ವೀಡನ್ನಿನ ಟೇಲ್ಸ್ ಫ್ರಮ್ ದ ಲೂಪ್‌ನಲ್ಲಿ ಪಾತ್ರಗಳು ಮಕ್ಕಳು, ಅವರು ಸಾಯುವುದಿಲ್ಲವೆಂಬುದು ನಿಯಮದಲ್ಲೇ ಇದೆ. ಹೆದರುತ್ತಾರೆ, ಗಾಯಗೊಳ್ಳುತ್ತಾರೆ, ಮನೆಯಲ್ಲಿ ಬೈಸಿಕೊಳ್ಳುತ್ತಾರೆ. ಇನ್ನೊಂದು ತುದಿಯಲ್ಲಿ ಟೆನ್ ಕ್ಯಾಂಡಲ್ಸ್: ಕೊನೆಯ ಮೋಂಬತ್ತಿ ಆರುವ ಹೊತ್ತಿಗೆ ಎಲ್ಲ ಪಾತ್ರಗಳೂ ಸಾಯುತ್ತವೆಂದು ಆಟ ಶುರುವಾಗುವಾಗಲೇ ಗೊತ್ತು. ಹೀಗಿದ್ದೂ ಅದರಲ್ಲಿ ಕುತೂಹಲ ಹೇಗೆ ಎಂದು ಕೇಳುವವರು ತಾಳಮದ್ದಳೆ ನೆನೆಸಿಕೊಳ್ಳಲಿ. ಕರ್ಣ ಬೀಳುತ್ತಾನೆಂದು ತಿಳಿಯದವರು ಸಭೆಯಲ್ಲಿ ಒಬ್ಬರೂ ಇರುವುದಿಲ್ಲ. ರಥದ ಗಾಲಿ ಹೂತಾಗ ಅರ್ಥಧಾರಿ ಏನು ಹೇಳುತ್ತಾರೆ, ಕೃಷ್ಣನ ಅರ್ಥ ಹೇಳುವವರು ಅದಕ್ಕೆ ಏನು ಎದುರಾಡುತ್ತಾರೆ ಎಂಬುದಕ್ಕೇ ಜನ ಬೆಳಗಿನ ಜಾವದವರೆಗೆ ಕೂರುವುದು.

ಪಾತ್ರ ಸತ್ತೇ ಹೋದ ಮೇಲೆ ಮಾಡಬೇಕಾದ ಕೆಲಸಗಳನ್ನು ನಿಮ್ಮ ಲೇಖನ ಮುಟ್ಟಲೇ ಇಲ್ಲ, ಹೊಸಬರು ಮುನಿಯುವುದು ಹೆಚ್ಚಾಗಿ ಅಲ್ಲಿ. ಮೂರು ಗಂಟೆಯ ಆಟದಲ್ಲಿ ಮೊದಲ ಗಂಟೆಗೇ ಸತ್ತವರು ಮಿಕ್ಕ ಎರಡು ಗಂಟೆ ಮೊಬೈಲ್ ನೋಡುತ್ತ ಕೂರಬೇಕಾದರೆ ಸಿಟ್ಟು ಸಹಜ. ಕಾದಾಟ ಇನ್ನೂ ನಡೆದಿದ್ದರೆ ಶತ್ರುಗಳಲ್ಲಿ ಒಂದನ್ನು ಅವರ ಕೈಗೆ ಕೊಡಿ, ಅಥವಾ ಜೊತೆಯಲ್ಲಿರುವ ದಾರಿಹೋಕನನ್ನು ಆಡಲಿ. ಒಂದೇ ಕೂರಿಕೆಯ ಆಟವಾದರೆ ಬರೆದು ಮುಗಿಸಿದ ಎರಡು ಪಾತ್ರಹಾಳೆ ಹೆಚ್ಚುವರಿ ಇಟ್ಟುಕೊಳ್ಳಿ. ಸಾಯುವ ಪಾತ್ರಕ್ಕೆ ಕೊನೆಯ ಒಂದು ಕೆಲಸ ಅಥವಾ ಒಂದು ಮಾತು ದಾಳವಿಲ್ಲದೆ ಕೊಡಿ: ಬಾಗಿಲು ಎಳೆದು ಮುಚ್ಚಲಿ, ಕೊಲೆಗಾರನ ಹೆಸರು ಉಸುರಲಿ. ಹೊಸ ಪಾತ್ರ ಮುಂದಿನ ಕೋಣೆಯಲ್ಲೇ ಸೇರಿಕೊಳ್ಳಲಿ, ಸೆರೆಯಾಳಾಗಿಯೋ ಸತ್ತವರನ್ನು ಹುಡುಕಿ ಬಂದ ತಂಗಿಯಾಗಿಯೋ. ಮುಂದಿನ ಊರು ಬರಲಿ ಎಂದು ಕಾಯಿಸಬೇಡಿ.

ಹೊಸ ಪಾತ್ರವನ್ನು ಒಂದನೇ ಹಂತದಿಂದ ಶುರುಮಾಡಿಸುವ ಹಳೆಯ ಪದ್ಧತಿ ಐದನೇ ಆವೃತ್ತಿಗೆ ಒಗ್ಗುವುದಿಲ್ಲ. ಏಳನೇ ಹಂತದ ಗುಂಪಿನ ಮೇಲೆ ಬೀಳುವ ಫೈರ್‌ಬಾಲ್ ಎಂಬ ಬೆಂಕಿಯ ಮಂತ್ರದ ಸರಾಸರಿ ಪೆಟ್ಟು 28. ಹನ್ನೆರಡು ಹಿಟ್ ಪಾಯಿಂಟ್‌ನ ಒಂದನೇ ಹಂತದ ಯೋಧ ಸೇವ್ ಗೆದ್ದರೂ 14 ತಿಂದು ನೆಲಕ್ಕೆ, ಸೋತರೆ ನೇರ ಸಾವು. ಉಳಿದವರದ್ದೇ ಹಂತ ಕೊಡಿ. ಸತ್ತವರ ಬಳಿಯಿದ್ದ ಮಾಂತ್ರಿಕ ಆಯುಧಗಳು ಗುಂಪಿನಲ್ಲೇ ಉಳಿದು, ಹೊಸಬರೂ ಹೊಸ ಆಯುಧ ಹೊತ್ತು ಬಂದರೆ ಪ್ರತಿ ಸಾವಿಗೂ ಗುಂಪು ಶ್ರೀಮಂತವಾಗುತ್ತದೆ. ಅದನ್ನು ಸಮಾಧಿಗೋ ವಾರಸುದಾರರಿಗೋ ಸೇರಿಸುವ ಒಪ್ಪಂದ ಮೊದಲೇ ಇರಲಿ. ಸತ್ತವರ ಸಾಲ, ವೈರಿ, ಅರ್ಧಕ್ಕೆ ನಿಂತ ಪ್ರತಿಜ್ಞೆ ಇವುಗಳಲ್ಲಿ ಒಂದನ್ನಾದರೂ ಮುಂದಿನ ಎರಡು ಕೂರಿಕೆಯೊಳಗೆ ಕತೆಯಲ್ಲಿ ತನ್ನಿ.

ಮಕ್ಕಳ ಮೇಜಿಗೆ ಇಷ್ಟು ಸೇರಿಸಿಕೊಳ್ಳಿ. ಎಕ್ಸ್ ಎಂದು ಬರೆದ ಕಾರ್ಡೊಂದು ಮೇಜಿನ ಮೇಲಿರಲಿ. ಯಾರೇ ಮುಟ್ಟಿದರೂ ಕಾರಣ ಕೇಳದೆ ಆ ದೃಶ್ಯ ಬಿಟ್ಟು ಮುಂದೆ ಹೋಗಬೇಕು. ಪಾತ್ರದ ಸಾವಿಗಿಂತ ಪಾತ್ರ ಸಾಕಿದ ನಾಯಿಯ ಸಾವಿಗೆ ಅದು ಹೆಚ್ಚು ಬೇಕಾಗುತ್ತದೆ.

ಪುರವಣಿಯಲ್ಲಿ ಈ ವಿಷಯದ ಮುಂದಿನ ಕಂತು ಬರುವುದಾದರೆ ಪರದೆಯ ಸಲಹೆ ಕೈಬಿಟ್ಟು, ಡೆತ್ ಸೇವ್ ಲೆಕ್ಕ, ಸರಾಸರಿ ಪೆಟ್ಟಿನ ಆಯ್ಕೆ ಮತ್ತು ಗುಂಪಿನ ಪರೀಕ್ಷೆ ಈ ಮೂರನ್ನು ಒಂದು ಚೌಕಟ್ಟಿನಲ್ಲಿ ಅಚ್ಚುಹಾಕಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಮೈಸೂರು